ಹೊಸ ಫೈರ್‌ವಾಲ್ ಬಂದ ಮೇಲೆ ವೆಬ್ ಅಪ್ಲಿಕೇಶನ್ ತಡವರಿಸುವುದೇಕೆ?

ಪ್ರಶ್ನೆ: ನಮ್ಮ ಶಿಕ್ಷಣ ಸಂಸ್ಥೆಯ ಪ್ರವೇಶ ಅರ್ಜಿ ಹಾಗೂ ಶುಲ್ಕ ಪಾವತಿಯ ವೆಬ್ ಅಪ್ಲಿಕೇಶನ್ ಅನ್ನು ನಾವು ಮೂವರು ನೋಡಿಕೊಳ್ಳುತ್ತೇವೆ. ಮುಂದೆ ಎಂಜಿನ್‌ಎಕ್ಸ್ ವೆಬ್ ಸರ್ವರ್, ಅದರ ಹಿಂದೆ ಜಾವಾ, ಬೇರೆ ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಕಳೆದ ತಿಂಗಳು ಹೊಸ ಫೈರ್‌ವಾಲ್ ಬಂದಿದೆ. ಅಪ್ಲಿಕೇಶನ್ ಮತ್ತು ಡೇಟಾಬೇಸ್ ಸರ್ವರ್‌ಗಳ ನಡುವೆಯೂ ಈಗ ಅದೇ ಇದೆ. ಜೊತೆಗೆ ಎಂಜಿನ್‌ಎಕ್ಸ್‌ನಲ್ಲಿ ವೆಬ್ ಕೋರಿಕೆಗಳನ್ನು ಶೋಧಿಸುವ ಮಾಡ್‌ಸೆಕ್ಯುರಿಟಿಯನ್ನು ಓವಾಸ್ಪ್ ಕೋರ್ ರೂಲ್ ಸೆಟ್ ಎಂಬ ನಿಯಮಗಳ ಗುಚ್ಛದ ಮೂರನೆಯ ಮಟ್ಟದಲ್ಲಿ ಅಳವಡಿಸಿದ್ದಾರೆ. ಅಂದಿನಿಂದ ಪ್ರತಿದಿನ ಬೆಳಿಗ್ಗೆ ಮೊದಲು ಲಾಗಿನ್ ಆಗುವವರಿಗೆ ಒಂದು ನಿಮಿಷ ಪುಟ ತಿರುಗುತ್ತಲೇ ಇದ್ದು 504 (ಸಮಯ ಮೀರಿತು ಎಂಬ ದೋಷ) ಬರುತ್ತದೆ, ಆಮೇಲೆ ತಾನಾಗಿ ಸರಿಹೋಗುತ್ತದೆ. ಶುಲ್ಕ ಕಟ್ಟಿದ ಕೆಲವರಿಗೆ ಹಣ ಕಡಿತವಾದರೂ ರಸೀದಿ ಬರುವುದಿಲ್ಲ. ಅರ್ಜಿ ಸಲ್ಲಿಸುವಾಗ ಕೆಲವರಿಗೆ 403 (ಅನುಮತಿ ಇಲ್ಲ ಎಂಬ ದೋಷ) ಬರುತ್ತದೆ. ಫೈರ್‌ವಾಲ್ ತಂಡದವರು ತಮ್ಮ ಕಡೆ ಎಲ್ಲ ಸರಿಯಿದೆ ಎನ್ನುತ್ತಾರೆ. ಬೇಕಿದ್ದರೆ ಎರಡು ದಿನ ಎಲ್ಲವನ್ನೂ ತೆರೆದು ನೋಡೋಣ ಎನ್ನುತ್ತಾರೆ. ಏನು ಮಾಡಬೇಕು?

ಉತ್ತರ: ನಿಮ್ಮ ಮೂರು ತೊಂದರೆಗಳ ಕಾರಣ ಬೇರೆ ಬೇರೆ, ಆದರೆ ಅವುಗಳ ಮೂಲ ಒಂದೇ ಎಂದು ನನಗೆ ತೋರುತ್ತದೆ. ಫೈರ್‌ವಾಲ್ ತಂಡಕ್ಕೆ ನಿಮ್ಮಿಂದ ಹೋಗಿರುವುದು ಯಾವ ಸೇವೆಗೆ ಯಾವ ಬಾಗಿಲು ಎಂದು ತಿಳಿಸುವ ಪೋರ್ಟ್ ಸಂಖ್ಯೆಗಳ ಪಟ್ಟಿ ಮಾತ್ರ ಇರಬೇಕು: ಹೊರಗಿನಿಂದ 443, ಡೇಟಾಬೇಸಿಗೆ 5432, ಹೀಗೆ. ಅಪ್ಲಿಕೇಶನ್ ಎಷ್ಟು ಹೊತ್ತು ಮಾತಿಲ್ಲದೆ ಇರುತ್ತದೆ, ಹೊರಗಿನ ಸೇವೆಯನ್ನು ಯಾವ ಹೆಸರಿನಿಂದ ಹುಡುಕುತ್ತದೆ, ಅದನ್ನು ಬಳಸುವವರು ಯಾವ ಲಿಪಿಯಲ್ಲಿ ಬರೆಯುತ್ತಾರೆ ಎಂಬುದನ್ನು ಅವರಿಗೆ ಯಾರೂ ಹೇಳಿಲ್ಲ. ಹೇಳದೆ ಬಿಟ್ಟ ಕಡೆಗಳಲ್ಲೆಲ್ಲ ಉಪಕರಣದ ಜೊತೆ ಬಂದ ಮೂಲ ಹೊಂದಾಣಿಕೆಯೇ ತೀರ್ಮಾನ ಮಾಡಿದೆ. ಆದ್ದರಿಂದ ‘ನಮ್ಮ ಕಡೆ ಸರಿಯಿದೆ’ ಎಂಬ ಅವರ ಮಾತು ಸುಳ್ಳಲ್ಲ. 5432ಕ್ಕೆ ಅನುಮತಿ ಕೊಟ್ಟ ನಿಯಮ ಅವರ ಪರದೆಯ ಮೇಲೆ ಸ್ಪಷ್ಟವಾಗಿಯೇ ಕಾಣುತ್ತಿರುತ್ತದೆ.

ಬೆಳಗಿನ ತೊಂದರೆಯಿಂದ ಆರಂಭಿಸುತ್ತೇನೆ, ಏಕೆಂದರೆ ಅಪ್ಲಿಕೇಶನ್ ಮತ್ತು ಫೈರ್‌ವಾಲ್ ನಡುವಿನ ಹೊಂದಾಣಿಕೆಯ ಸಮಸ್ಯೆ ಇಲ್ಲಿ ಅತ್ಯಂತ ಶುದ್ಧ ರೂಪದಲ್ಲಿ ಸಿಗುತ್ತದೆ. ಇಂದಿನ ಫೈರ್‌ವಾಲ್ ಎರಡು ಯಂತ್ರಗಳ ನಡುವಿನ ಪ್ರತಿಯೊಂದು ಟಿಸಿಪಿ ಸಂಪರ್ಕವನ್ನೂ ತನ್ನ ನೆನಪಿನ ಕೋಷ್ಟಕದಲ್ಲಿ ಬರೆದಿಟ್ಟುಕೊಳ್ಳುತ್ತದೆ. ಆ ಸಂಪರ್ಕದಲ್ಲಿ ಒಂದು ನಿಗದಿತ ಅವಧಿಯವರೆಗೆ ಯಾವ ಪ್ಯಾಕೆಟ್ಟೂ ಸಾಗದಿದ್ದರೆ ಆ ಸಾಲನ್ನು ಅಳಿಸಿಹಾಕುತ್ತದೆ. ಫೋರ್ಟಿಗೇಟ್, ಪಾಲೊ ಆಲ್ಟೊ, ಸಿಸ್ಕೊ ಎಎಸ್‌ಎ ಮೂರೂ ಫೈರ್‌ವಾಲ್‌ಗಳಲ್ಲಿ ಟಿಸಿಪಿಗೆ ಈ ಅವಧಿ ಮೂಲತಃ 3600 ಸೆಕೆಂಡು, ಅಂದರೆ ಒಂದು ಗಂಟೆ. ಇತ್ತ ಲಿನಕ್ಸ್ ಸರ್ವರ್ ತನ್ನ ಸಂಪರ್ಕ ಬದುಕಿದೆಯೇ ಎಂದು ವಿಚಾರಿಸಲು ಕಳಿಸುವ ಕೀಪ್‌ಅಲೈವ್ ಪ್ಯಾಕೆಟ್ ಹೊರಡುವುದು ಮೂಲತಃ 7200 ಸೆಕೆಂಡು ಮೌನದ ನಂತರ, ಅಂದರೆ ಎರಡು ಗಂಟೆಗೆ. ಅದೂ ಅಪ್ಲಿಕೇಶನ್ ಅದನ್ನು ಕೇಳಿಕೊಂಡಿದ್ದರೆ ಮಾತ್ರ. ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್ ತಾನಾಗಿ ಕೇಳಿಕೊಳ್ಳುವುದಿಲ್ಲ. ಒಬ್ಬರು ಒಂದು ಗಂಟೆಗೆ ಮರೆಯುತ್ತಾರೆ, ಇನ್ನೊಬ್ಬರು ಎರಡು ಗಂಟೆಯ ನಂತರ ನೆನಪಿಸುತ್ತಾರೆ ಅಥವಾ ನೆನಪಿಸುವುದೇ ಇಲ್ಲ. ರಾತ್ರಿ ಅರ್ಜಿ ತುಂಬುವವರು ಇಲ್ಲದ ಹೊತ್ತಿನಲ್ಲಿ ನಿಮ್ಮ ಕನೆಕ್ಷನ್ ಪೂಲ್‌ನ, ಅಂದರೆ ಮತ್ತೆ ಮತ್ತೆ ಬಳಸಲೆಂದು ಜಾವಾ ತೆರೆದಿಟ್ಟುಕೊಳ್ಳುವ ಗುಂಪಿನ, ಎಲ್ಲ ಸಂಪರ್ಕಗಳೂ ಹೀಗೆ ಸತ್ತಿರುತ್ತವೆ, ಆದರೆ ಎರಡೂ ತುದಿಯ ಸರ್ವರ್‌ಗಳಿಗೆ ಆ ಸುದ್ದಿ ತಲುಪಿರುವುದಿಲ್ಲ.

ಬೆಳಿಗ್ಗೆ ಮೊದಲ ಲಾಗಿನ್ ಬಂದಾಗ ಜಾವಾ ಪೂಲ್‌ನಿಂದ ಒಂದು ಹಳೆಯ ಸಂಪರ್ಕವನ್ನು ತೆಗೆದು ಪ್ರಶ್ನೆ ಕಳಿಸುತ್ತದೆ. ಫೈರ್‌ವಾಲ್‌ನ ಕೋಷ್ಟಕದಲ್ಲಿ ಆ ಸಂಪರ್ಕವಿಲ್ಲ, ಬಂದ ಪ್ಯಾಕೆಟ್ ಹೊಸ ಸಂಪರ್ಕದ ಆರಂಭವೂ ಅಲ್ಲ. ಆದ್ದರಿಂದ ಅದನ್ನು ಸದ್ದಿಲ್ಲದೆ ಬಿಸಾಡುತ್ತದೆ. ಉತ್ತರ ಬಾರದ ಕಾರಣ ಲಿನಕ್ಸ್ ಅದೇ ಪ್ಯಾಕೆಟ್ಟನ್ನು ಮತ್ತೆ ಮತ್ತೆ ಕಳಿಸುತ್ತ ಹೋಗುತ್ತದೆ. ಮೂಲ ಹೊಂದಾಣಿಕೆಯಲ್ಲಿ ಅದು ಕೈಬಿಡುವುದು ಸುಮಾರು 15 ನಿಮಿಷದ ಮೇಲೆ. ಎಂಜಿನ್‌ಎಕ್ಸ್ ಅಷ್ಟು ಕಾಯುವುದಿಲ್ಲ. ಅದರ ಮೂಲ ಮಿತಿ 60 ಸೆಕೆಂಡು. ನಿಮ್ಮವರು ನೋಡುತ್ತಿರುವ ‘ಒಂದು ನಿಮಿಷ ತಿರುಗಿ 504’ ಇದೇ ಆಗಿರುವ ಸಾಧ್ಯತೆ ಬಹಳ ಹೆಚ್ಚು.

ಇದನ್ನು ಊಹೆಯಾಗಿ ಇಟ್ಟುಕೊಳ್ಳಬೇಡಿ, ಇಂದು ರಾತ್ರಿಯೇ ಕಣ್ಣಾರೆ ನೋಡಿ. ಅಪ್ಲಿಕೇಶನ್ ಸರ್ವರ್‌ನಿಂದ ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪಿಎಸ್‌ಕ್ಯೂಎಲ್ ಮೂಲಕ ಡೇಟಾಬೇಸಿಗೆ ಸಂಪರ್ಕ ಮಾಡಿ, ‘ಸೆಲೆಕ್ಟ್ 1’ ಎಂದು ಒಮ್ಮೆ ಕೇಳಿ ಉತ್ತರ ಬಂದದ್ದನ್ನು ನೋಡಿಕೊಂಡು, ಆ ಕಿಟಕಿಯನ್ನು ಮುಟ್ಟದೆ ಬಿಡಿ. ಎರಡೂ ಸರ್ವರ್‌ಗಳಲ್ಲಿ 5432ರ ಮೇಲೆ ಸಾಗುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ, ಪಿಎಸ್‌ಕ್ಯೂಎಲ್ ತನ್ನ ತುದಿಯಲ್ಲಿ ಬಳಸುವ ಪೋರ್ಟ್ ಸಂಖ್ಯೆಯನ್ನು ಗುರುತು ಹಾಕಿಕೊಳ್ಳಿ. 65 ನಿಮಿಷ ಕಳೆದ ಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ. ನನ್ನ ಅಂದಾಜು ಸರಿಯಿದ್ದರೆ ಅಪ್ಲಿಕೇಶನ್ ಸರ್ವರ್‌ನ ಪರದೆಯಲ್ಲಿ ಒಂದೇ ಕ್ರಮಸಂಖ್ಯೆಯ ಪ್ಯಾಕೆಟ್ ಮೊದಲು ಸೆಕೆಂಡಿನ ಭಾಗದಷ್ಟು ಅಂತರದಲ್ಲಿ, ಆಮೇಲೆ ಪ್ರತಿ ಬಾರಿ ದುಪ್ಪಟ್ಟು ಅಂತರದಲ್ಲಿ ಹೊರಡುತ್ತಲೇ ಇರುತ್ತದೆ. ಡೇಟಾಬೇಸ್ ಸರ್ವರ್‌ನ ಪರದೆಯಲ್ಲಿ ಒಂದು ಸಾಲೂ ಮೂಡುವುದಿಲ್ಲ. ಈ ಎರಡು ಪರದೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರೆ ಎರಡು ತಂಡಗಳ ನಡುವಿನ ವಾದ ಅಲ್ಲಿಗೆ ನಿಲ್ಲುತ್ತದೆ. ಇಂತಹ ಜಗಳದಲ್ಲಿ ವಾರಗಟ್ಟಲೆ ಇಮೇಲ್ ಓಡಾಡಿದ್ದನ್ನು ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ನೋಡಿದ್ದೇನೆ; ಅದನ್ನು ಮುಗಿಸಿದ್ದು ಇಂಥದೇ ಒಂದು ಗಂಟೆಯ ಪರೀಕ್ಷೆ.

ಪರಿಹಾರವನ್ನು ಅಪ್ಲಿಕೇಶನ್ ಕಡೆಯಿಂದಲೇ ಆರಂಭಿಸಿ. ಜಾವಾ ಡ್ರೈವರ್‌ನಲ್ಲಿ ಕೀಪ್‌ಅಲೈವ್ ಚಾಲೂ ಮಾಡಿ, ಸರ್ವರ್‌ನಲ್ಲಿ ಅದರ ಆರಂಭದ ಅವಧಿಯನ್ನು 7200ರಿಂದ 300 ಸೆಕೆಂಡಿಗೆ ಇಳಿಸಿ, ಪೂಲ್‌ನ ಪ್ರತಿ ಸಂಪರ್ಕದ ಗರಿಷ್ಠ ಆಯುಷ್ಯವನ್ನು ಅರ್ಧ ಗಂಟೆಗೆ ಮಿತಿಗೊಳಿಸಿ, ಪ್ರಶ್ನೆಗೆ ಉತ್ತರ ಬಾರದಿದ್ದರೆ ಎಷ್ಟು ಹೊತ್ತು ಕಾಯಬೇಕೆಂಬ ಸಾಕೆಟ್ ಟೈಮ್‌ಔಟ್ ಅನ್ನೂ ನಮೂದಿಸಿ. ಈ ಡ್ರೈವರ್‌ನಲ್ಲಿ ಅದು ಮೂಲತಃ ಸೊನ್ನೆ, ಅಂದರೆ ಮಿತಿಯೇ ಇಲ್ಲ. ಪೋಸ್ಟ್‌ಗ್ರೆಸ್ ಕಡೆಯಲ್ಲೂ ಕೀಪ್‌ಅಲೈವ್ ಅವಧಿಯನ್ನು ಇಳಿಸಬೇಕು. ಇಲ್ಲದಿದ್ದರೆ ಸತ್ತ ಸಂಪರ್ಕಗಳು ಅಲ್ಲಿ ಲೆಕ್ಕದಲ್ಲಿ ಉಳಿದು, ಮೂಲತಃ 100 ಇರುವ ಮಿತಿಯನ್ನು ತಿನ್ನುತ್ತವೆ. ಫೈರ್‌ವಾಲ್‌ನ ಎಲ್ಲ ಸಂಪರ್ಕಗಳ ಅವಧಿಯನ್ನೂ ಒಂದು ದಿನಕ್ಕೆ ಏರಿಸಿ ಎಂದು ಮಾತ್ರ ಕೇಳಬೇಡಿ. ಕೋಷ್ಟಕ ತುಂಬಿದರೆ ಹೊಸ ಸಂಪರ್ಕಗಳಿಗೇ ಜಾಗವಿರುವುದಿಲ್ಲ. ಕೀಪ್‌ಅಲೈವ್ ಬದಲಿಸಲಾಗದ ಹಳೆಯ ತಂತ್ರಾಂಶವಿದ್ದರೆ ಆ ಒಂದು ನಿಯಮಕ್ಕೆ ಮಾತ್ರ ಹೆಚ್ಚಿನ ಅವಧಿ ಕೇಳಬಹುದು. ವಿಳಾಸ ಬದಲಿಸುವ ನ್ಯಾಟ್ ಉಪಕರಣಗಳಿಗೆಂದು 2008ರಲ್ಲಿ ಬಂದ ಆರ್‌ಎಫ್‌ಸಿ 5382 ಎಂಬ ಇಂಟರ್‌ನೆಟ್ ಶಿಫಾರಸು ದಾಖಲೆ, ಸ್ಥಾಪಿತ ಸಂಪರ್ಕವನ್ನು 2 ಗಂಟೆ 4 ನಿಮಿಷಕ್ಕಿಂತ ಮೊದಲು ಮರೆಯಬಾರದು ಎನ್ನುತ್ತದೆ. ಎರಡು ಗಂಟೆಯ ಕೀಪ್‌ಅಲೈವ್‌ಗೆ ಉತ್ತರ ಬರಲು ಬಿಟ್ಟ ಜಾಗ ಅದು.

ಎರಡನೆಯ ತೊಂದರೆ, ರಸೀದಿಯದು. ‘ಕೆಲವರಿಗೆ’ ಎಂದು ನೀವು ಬರೆದಿರುವ ಪದವನ್ನೇ ನಾನು ಹಿಡಿದುಕೊಳ್ಳುತ್ತೇನೆ. ಪಾವತಿ ಮುಗಿದ ಮೇಲೆ ನಿಮ್ಮ ಸರ್ವರ್ ಪೇಮೆಂಟ್ ಗೇಟ್‌ವೇಯನ್ನು ‘ಈ ವ್ಯವಹಾರ ಏನಾಯಿತು’ ಎಂದು ಕೇಳುತ್ತದೆ. ಆ ಕರೆ ಪೂರ್ತಿ ಮುಚ್ಚಿದ್ದರೆ ಯಾರಿಗೂ ರಸೀದಿ ಬರುತ್ತಿರಲಿಲ್ಲ. ಕೆಲವರಿಗೆ ಬಂದು ಕೆಲವರಿಗೆ ಬಾರದಿದ್ದರೆ ಮೊದಲು ನೋಡಬೇಕಾದದ್ದು, ಹೊರಹೋಗುವ ನಿಯಮವನ್ನು ಹೆಸರಿಗೆ ಬರೆದಿದ್ದಾರೋ ಐಪಿ ವಿಳಾಸಕ್ಕೆ ಬರೆದಿದ್ದಾರೋ ಎಂಬುದನ್ನು. ಗೇಟ್‌ವೇಯ ಒಂದು ಹೆಸರಿಗೆ ಹಲವು ವಿಳಾಸಗಳಿರಬಹುದು, ಅವು ಬದಲಾಗುತ್ತಲೂ ಇರಬಹುದು. ನಿಯಮ ಬರೆದ ದಿನ ಸಿಕ್ಕ ಎರಡು ವಿಳಾಸಗಳು ಪಟ್ಟಿಯಲ್ಲಿದ್ದು, ನಿಮ್ಮ ಸರ್ವರ್‌ಗೆ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಇಂದು ಮೂರನೆಯದನ್ನು ಕೊಟ್ಟರೆ ಕರೆ ಫೈರ್‌ವಾಲ್‌ನಲ್ಲೇ ನಿಲ್ಲುತ್ತದೆ. ಹೆಸರಿನಿಂದ ಬರೆದ ನಿಯಮದಲ್ಲೂ ಒಂದು ಬಿರುಕಿದೆ: ಫೈರ್‌ವಾಲ್ ತಾನು ಒಂದು ಡಿಎನ್‌ಎಸ್ ಸರ್ವರ್ ಕೇಳಿ, ನಿಮ್ಮ ಅಪ್ಲಿಕೇಶನ್ ಇನ್ನೊಂದನ್ನು ಕೇಳುತ್ತಿದ್ದರೆ ಇಬ್ಬರ ಕೈಯಲ್ಲಿರುವ ವಿಳಾಸ ಬೇರೆಯಾಗಬಹುದು. ಇಬ್ಬರೂ ಒಂದೇ ಡಿಎನ್‌ಎಸ್ ಸರ್ವರ್ ಬಳಸುವಂತೆ ಮಾಡುವುದು ಕಡ್ಡಾಯ.

ನನಗೆ ಹೆಚ್ಚು ನಂಬಿಕೆಯಿರುವ ದಾರಿಯೆಂದರೆ ಹೊರಹೋಗುವ ಕರೆಗಳನ್ನೆಲ್ಲ ಸ್ಕ್ವಿಡ್‌ನಂತಹ ಒಂದು ಪ್ರಾಕ್ಸಿ, ಅಂದರೆ ಮಧ್ಯವರ್ತಿ ಸರ್ವರ್ ಮೂಲಕ ಕಳಿಸಿ, ಅನುಮತಿಸಿದ ಹೆಸರುಗಳ ಪಟ್ಟಿಯನ್ನು ಅಲ್ಲಿ ಇಡುವುದು. ಗೇಟ್‌ವೇ, ಎಸ್‌ಎಂಎಸ್ ಸೇವೆ, ಇಮೇಲ್ ಸೇವೆ, ತಂತ್ರಾಂಶದ ಪರಿಷ್ಕರಣೆಯ ತಾಣಗಳು: ನಿಮ್ಮಷ್ಟು ಗಾತ್ರದ ಅಪ್ಲಿಕೇಶನ್‌ಗೆ ಈ ಪಟ್ಟಿ ಹತ್ತು ಹನ್ನೆರಡು ಹೆಸರು ದಾಟುವುದಿಲ್ಲ. ‘ಹೊರಗೆ ಹೋಗುವುದಕ್ಕೆ ತಡೆ ಏಕೆ, ತೆರೆದುಬಿಡೋಣ’ ಎಂಬ ಮಾತು ಬಂದರೆ ದಯವಿಟ್ಟು ಒಪ್ಪಬೇಡಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಶೆಲ್ ದೋಷ ಬಯಲಾದಾಗ, ಜಾವಾ ಅಪ್ಲಿಕೇಶನ್ ಒಂದು ಸಾಲನ್ನು ಲಾಗ್‌ನಲ್ಲಿ ಬರೆಯುವಾಗಲೇ ಹೊರಗಿನ ಎಲ್‌ಡ್ಯಾಪ್ ಸರ್ವರ್‌ಗೆ ತಾನಾಗಿ ಕರೆ ಮಾಡಿ ದಾಳಿಕೋರರ ಕೋಡ್ ತರಿಸಿಕೊಳ್ಳುವಂತೆ ಮಾಡಬಹುದಿತ್ತು. ಹೊರದಾರಿಯನ್ನು ಬೇಕಾದ ಹೆಸರುಗಳಿಗಷ್ಟೇ ಮಿತಿಗೊಳಿಸಿದ್ದ ಕಡೆ ಆ ತರಿಸಿಕೊಳ್ಳುವ ಹೆಜ್ಜೆ ಸಾಗುತ್ತಿರಲಿಲ್ಲ. ನಿಮ್ಮದೂ ಜಾವಾ ಅಪ್ಲಿಕೇಶನ್, ಅದರ ಹಿಂದೆ ವಿದ್ಯಾರ್ಥಿಗಳ ವಿವರಗಳಿವೆ.

ಗೇಟ್‌ವೇ ತಾನಾಗಿ ನಿಮಗೆ ಕಳಿಸುವ ಸೂಚನೆ, ಅಂದರೆ ವೆಬ್‌ಹುಕ್, ಇದರ ಇನ್ನೊಂದು ಮುಖ. ಅದು ಹೊರಗಿನಿಂದ ಬರುವ ಕರೆ, ಕಳಿಸುವುದು ಬ್ರೌಸರ್ ಅಲ್ಲ. ಆ ಯುಆರ್‌ಎಲ್‌ಗೆ ಬ್ರೌಸರ್ ಪರೀಕ್ಷೆಯನ್ನೋ ಕ್ಯಾಪ್ಚಾವನ್ನೋ ಅಥವಾ ದೇಶವಾರು ತಡೆಯನ್ನೋ ಹಾಕಿದ್ದರೆ ಕರೆ ಬಾಗಿಲಲ್ಲೇ ಹಿಂದಿರುಗುತ್ತದೆ. ಆ ಒಂದು ದಾರಿಗೆ ಇಂತಹ ತಡೆಗಳಿಂದ ವಿನಾಯಿತಿ ಕೊಡಿಸಿ, ಬದಲಿಗೆ ಸಂದೇಶದ ಜೊತೆ ಬರುವ ಡಿಜಿಟಲ್ ಸಹಿಯನ್ನು ಅಪ್ಲಿಕೇಶನ್‌ನಲ್ಲಿ ತಪ್ಪದೆ ಪರಿಶೀಲಿಸಿ. ಸಹಿ ಪರಿಶೀಲನೆ ಇಲ್ಲದ ವಿನಾಯಿತಿ ಅಪಾಯ.

ಇನ್ನು 403. ಇಲ್ಲಿ ನಾನು ಸ್ವಲ್ಪ ಬೇಸರದಿಂದಲೇ ಬರೆಯುತ್ತೇನೆ, ಏಕೆಂದರೆ ತೊಂದರೆಗೆ ಸಿಕ್ಕಿರುವವರು ಬಹುಶಃ ಕನ್ನಡದಲ್ಲಿ ಅರ್ಜಿ ತುಂಬಿದವರು. ಕೋರ್ ರೂಲ್ ಸೆಟ್‌ನಲ್ಲಿ ನಾಲ್ಕು ಮಟ್ಟಗಳಿವೆ; ಮೂಲ ಮಟ್ಟ ಒಂದು. ಮೂರನೆಯ ಮಟ್ಟದಲ್ಲಿ 920272 ಎಂಬ ನಿಯಮ ಜಾರಿಗೆ ಬರುತ್ತದೆ. ಕೋರಿಕೆಯ ಪ್ರತಿಯೊಂದು ಬೈಟ್ (ಅಕ್ಷರವನ್ನು ಕಂಪ್ಯೂಟರ್ ಬರೆದುಕೊಳ್ಳುವ ಸಂಖ್ಯೆ) ಕೂಡ 32ರಿಂದ 126ರ ಒಳಗಿರಬೇಕು, ಅದರಲ್ಲೂ 37 ಇರಬಾರದು ಎಂಬುದು ಆ ನಿಯಮ. ಕನ್ನಡದ ‘ಕ’ ಅಕ್ಷರ ಯುಟಿಎಫ್-8ರಲ್ಲಿ 224, 178, 149 ಎಂಬ ಮೂರು ಬೈಟ್‌ಗಳಾಗುತ್ತದೆ. ಕನ್ನಡದ ಪ್ರತಿ ಅಕ್ಷರ, ಪ್ರತಿ ಕಾಗುಣಿತದ ಚಿಹ್ನೆಯೂ ಹೀಗೆ ಮೂರು ಬೈಟ್, ಮೂರೂ 127ಕ್ಕಿಂತ ಮೇಲೆ. ಅಂದರೆ ಅರ್ಜಿಯಲ್ಲಿ ‘ಕಮಲ’ ಎಂದು ಹೆಸರು ಬರೆದರೆ ಮೊದಲ ಅಕ್ಷರದಲ್ಲೇ ನಿಯಮ ಮುರಿಯುತ್ತದೆ. ಈ ಉಲ್ಲಂಘನೆಗೆ 5 ಅಂಕ, ಎಷ್ಟು ಅಂಕವಾದರೆ ಕೋರಿಕೆಯನ್ನು ತಡೆಯಬೇಕೆಂಬ ಮಿತಿಯೂ ಮೂಲತಃ 5. ಬೇರೆ ಯಾವ ತಪ್ಪೂ ಬೇಕಿಲ್ಲ. ಇಂಗ್ಲಿಷಿನಲ್ಲಿ ಬರೆದವರೂ ಪೂರ್ತಿ ಪಾರಾಗುವುದಿಲ್ಲ. ವಿಳಾಸದ ಜಾಗದಲ್ಲಿ ಎಂಟರ್ ಒತ್ತಿ ಎರಡು ಸಾಲು ಮಾಡಿದರೆ ಸಾಲು ಮುರಿಯುವ ಬೈಟ್‌ಗಳು 13 ಮತ್ತು 10. ಪರೀಕ್ಷೆಯ ಅಂಕಗಳ ಜಾಗದಲ್ಲಿ 85ರ ಮುಂದೆ ಶೇಕಡಾ ಚಿಹ್ನೆ ಹಾಕಿದರೆ ಆ ಚಿಹ್ನೆಯೇ 37. ನಿಮ್ಮ 403ಗಳು ಗೊತ್ತುಗುರಿಯಿಲ್ಲದೆ ಬರುತ್ತಿವೆ ಎನಿಸುವುದು ಇದರಿಂದಲೇ ಇರಬಹುದು. ಮಾಡ್‌ಸೆಕ್ಯುರಿಟಿಯ ಆಡಿಟ್ ಲಾಗ್‌ನಲ್ಲಿ ನಿಯಮದ ಸಂಖ್ಯೆ ದಾಖಲಾಗಿರುತ್ತದೆ. ಐದು ಹತ್ತು ನಿದರ್ಶನ ತೆಗೆದು ನೋಡಿದರೆ ಸಾಕು.

ಬಿಗಿಯಾದಷ್ಟೂ ಭದ್ರ ಎಂದು ಯೋಚಿಸಿ ಮೂರನೆಯ ಮಟ್ಟ ಆರಿಸಿರಬೇಕು, ಆ ಉದ್ದೇಶವನ್ನು ನಾನು ಗೌರವಿಸುತ್ತೇನೆ. ಆದರೆ ಕನ್ನಡದಲ್ಲಿ ಅರ್ಜಿ ಕರೆದು ಕನ್ನಡ ಅಕ್ಷರವನ್ನೇ ದಾಳಿ ಎಂದು ಎಣಿಸುವ ವ್ಯವಸ್ಥೆ ಯಾರನ್ನೂ ಕಾಯುವುದಿಲ್ಲ. ಮೊದಲ ಮಟ್ಟದಲ್ಲಿ ತಡೆಯಲು, ಎರಡನೆಯ ಮಟ್ಟದಲ್ಲಿ ಲಾಗ್ ಮಾತ್ರ ಬರೆಯಲು ಹೊಂದಿಸಿ, ಪ್ರವೇಶದ ಒಂದು ಪೂರ್ತಿ ಸುತ್ತಿನ ಲಾಗ್ ಓದಿದ ಮೇಲೆ ಬಿಗಿಗೊಳಿಸುವುದು ಸರಿಯಾದ ಕ್ರಮ. ಓದುವಾಗ ಕರಾವಳಿಯ ಡಿಸೋಜ, ಡಿಸಿಲ್ವ ಮುಂತಾದ ಮನೆತನದ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದಾಗ ನಡುವೆ ಬರುವ ಅಪಾಸ್ಟ್ರಫಿಯನ್ನೂ ಗಮನಿಸಿ. ಬಿಗಿ ಮಟ್ಟಗಳಲ್ಲಿ ಅದು ಡೇಟಾಬೇಸ್ ದಾಳಿಯ ಗುರುತಾಗಿ ಎಣಿಕೆಯಾಗಬಹುದು. ವಿನಾಯಿತಿ ಬರೆಯುವಾಗ ನಿಯಮವನ್ನು ಇಡೀ ತಾಣಕ್ಕೆ ನಿಲ್ಲಿಸಿಬಿಡಬೇಡಿ. ಈ ಪುಟದ, ಈ ಹೆಸರಿನ ಕ್ಷೇತ್ರಕ್ಕೆ, ಈ ಸಂಖ್ಯೆಯ ನಿಯಮ ಮಾತ್ರ ಅನ್ವಯಿಸುವುದಿಲ್ಲ ಎಂದು ಬರೆಯಿರಿ.

ಗಾತ್ರದ ಮಿತಿಯೂ ಭಾಷೆಗೆ ಅಂಟಿಕೊಂಡಿದೆ. ಮಾಡ್‌ಸೆಕ್ಯುರಿಟಿಯ ಶಿಫಾರಸಿನ ಕಡತದಲ್ಲಿ, ಲಗತ್ತಿಸಿದ ಫೈಲ್‌ಗಳನ್ನು ಬಿಟ್ಟು ಉಳಿದ ಕೋರಿಕೆಗೆ 131072 ಬೈಟ್ ಮಿತಿಯಿದೆ. ಸಾಮಾನ್ಯ ವೆಬ್ ಫಾರಂ ಕಳಿಸುವ ರೂಪದಲ್ಲಿ ಒಂದೊಂದು ಬೈಟ್ ಮೂರು ಅಕ್ಷರವಾಗಿ ಬರೆಯಲ್ಪಡುವುದರಿಂದ ಕನ್ನಡದ ಒಂದು ಚಿಹ್ನೆ 9 ಬೈಟ್ ನುಂಗುತ್ತದೆ. ಸುಮಾರು 14,500 ಚಿಹ್ನೆಗೆ ಮಿತಿ ಮುಗಿಯಿತು. ಅರ್ಜಿಗೆ ಇದು ಸಾಕು, ದೀರ್ಘ ಬರಹ ಸ್ವೀಕರಿಸುವ ಪುಟವಿದ್ದರೆ ಸಾಲದು. ಫೈಲ್‌ಗಳಿಗೆ ಎಂಜಿನ್‌ಎಕ್ಸ್‌ನ ಮೂಲ ಮಿತಿ 1 ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಅಂಕಪಟ್ಟಿಯ ಚಿತ್ರ ಅದನ್ನು ಸುಲಭವಾಗಿ ದಾಟಿ 413 (ಗಾತ್ರ ಮೀರಿತು ಎಂಬ ದೋಷ) ತರುತ್ತದೆ.

ನೀವು ಕೇಳದಿದ್ದರೂ ಇದೇ ಓಘದಲ್ಲಿ ನೋಡಿಕೊಳ್ಳಬೇಕಾದ ಕೆಲವು ಸಂಗತಿಗಳಿವೆ. ಜಾಲದ ದೋಷಗಳನ್ನು ತಿಳಿಸುವ ಐಸಿಎಂಪಿಯನ್ನು ಪೂರ್ತಿ ಮುಚ್ಚಿದ್ದರೆ ‘ಪ್ಯಾಕೆಟ್ ದೊಡ್ಡದಾಯಿತು’ ಎಂದು ಹೇಳುವ ಸಂದೇಶವೂ ಸಾಯುತ್ತದೆ, ವಿಪಿಎನ್ ಮೂಲಕ ಬರುವವರಿಗೆ ಚಿಕ್ಕ ಪುಟ ತೆರೆದು ದೊಡ್ಡ ಪುಟ ಅರ್ಧಕ್ಕೆ ನಿಲ್ಲುತ್ತದೆ. ಡಿಎನ್‌ಎಸ್‌ಗೆ ಯುಡಿಪಿ 53ರ ಜೊತೆ ಟಿಸಿಪಿ 53 ಕೂಡ ಬೇಕು. ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಕೊಡುವ ತಾಣದ ಭದ್ರತಾ ಪ್ರಮಾಣಪತ್ರವನ್ನು ಎಚ್‌ಟಿಟಿಪಿ ವಿಧಾನದಲ್ಲಿ ನವೀಕರಿಸುತ್ತಿದ್ದರೆ ಪೋರ್ಟ್ 80 ತೆರೆದಿರಲೇಬೇಕು, ಮತ್ತು ಪರಿಶೀಲಿಸಲು ಬರುವ ವಿಳಾಸಗಳನ್ನು ಅವರು ಪ್ರಕಟಿಸುವುದಿಲ್ಲವಾದ್ದರಿಂದ ದೇಶವಾರು ತಡೆ ಅಲ್ಲಿ ಹೊಂದುವುದಿಲ್ಲ. ಒಂದು ಐಪಿಗೆ ಇಷ್ಟೇ ಕೋರಿಕೆ ಎಂಬ ಮಿತಿ ಹಾಕುವಾಗ, ಮೊಬೈಲ್ ಕಂಪನಿಗಳ ಒಂದೇ ಐಪಿ ಹಿಂದೆ ಬಹಳ ಜನ ಚಂದಾದಾರರು ಇರುತ್ತಾರೆ ಎಂಬುದನ್ನು ಮರೆಯಬಾರದು. ಕೊನೆಯ ದಿನಾಂಕದ ಸಂಜೆ ಇದು ನಿಜವಾಗಿ ಕಾಡುತ್ತದೆ. ಸಮಯ ಹೊಂದಿಸುವ ಯುಡಿಪಿ 123 ಹೊರದಾರಿಯೂ ಬೇಕು: ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಎನ್‌ಐಸಿ ಅಥವಾ ಎನ್‌ಪಿಎಲ್‌ನ ಸಮಯ ಸರ್ವರ್‌ಗಳಿಗೆ ಹೊಂದಿಕೊಳ್ಳಲು ಹೇಳುತ್ತದೆ, ಲಾಗ್‌ಗಳನ್ನು 180 ದಿನ ಇಡಲು ಕೂಡ. ಗಡಿಯಾರ ತಪ್ಪಿದ ಎರಡು ಸರ್ವರ್‌ಗಳ ಲಾಗ್‌ಗಳನ್ನು ಹೊಂದಿಸಿ ಓದುವ ಕಷ್ಟ ನಿಮಗೆ ಬರದಿರಲಿ.

ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಓಡಿಸುವ ಡಾಕರ್ ಬಳಸುತ್ತಿದ್ದರೆ ಒಂದು ಎಚ್ಚರಿಕೆ. ಉಬುಂಟುವಿನ ಒಳಗಿನ ಫೈರ್‌ವಾಲ್ ಯುಎಫ್‌ಡಬ್ಲ್ಯುನಲ್ಲಿ 5432 ಮುಚ್ಚಿದ್ದೇನೆ ಎಂದು ನೀವು ನಂಬಿದ್ದರೂ, ಕಂಟೇನರ್‌ನ ಪೋರ್ಟನ್ನು ಪ್ರಕಟಿಸಿದಾಗ ಡಾಕರ್ ತನ್ನದೇ ನಿಯಮಗಳನ್ನು ಬರೆದು ಯುಎಫ್‌ಡಬ್ಲ್ಯುವನ್ನು ಲೆಕ್ಕಿಸದೆ ದಾಟಿಬಿಡುತ್ತದೆ. ಪೋರ್ಟನ್ನು ಅಪ್ಲಿಕೇಶನ್ ಸರ್ವರ್ ತಲುಪುವ ಒಳಜಾಲದ ವಿಳಾಸಕ್ಕೆ ಮಾತ್ರ (ಅದೇ ಯಂತ್ರದೊಳಗಷ್ಟೇ ಬಳಸುವ ಪೋರ್ಟಾದರೆ 127.0.0.1ಕ್ಕೆ) ಕಟ್ಟಿ, ಹೊರಗಿನ ಬೇರೊಂದು ಯಂತ್ರದಿಂದ ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಹಾಕಿ ಖಚಿತಪಡಿಸಿಕೊಳ್ಳಿ.

ಮುಂದೆ ಹೀಗಾಗದಿರಲು ಅಪ್ಲಿಕೇಶನ್ ತಂಡವೇ ಒಂದು ಹಾಳೆ ಬರೆದು ಫೈರ್‌ವಾಲ್ ತಂಡಕ್ಕೆ ಕೊಡಬೇಕು, ಅವರು ಕೇಳಲಿ ಎಂದು ಕಾಯಬಾರದು. ಒಂದು ಸಾಲು ಹೀಗಿರಲಿ: ಅಪ್ಲಿಕೇಶನ್ ಸರ್ವರ್ ಆರಂಭಿಸುತ್ತದೆ, ಡೇಟಾಬೇಸ್ ಸರ್ವರ್‌ಗೆ, ಟಿಸಿಪಿ 5432, ರಾತ್ರಿ 9ರಿಂದ ಬೆಳಿಗ್ಗೆ 9ರವರೆಗೆ ಕೆಲಸವಿಲ್ಲದೆ ಇರಬಹುದು, ಆದರೆ 5 ನಿಮಿಷಕ್ಕೊಮ್ಮೆ ಕೀಪ್‌ಅಲೈವ್ ಕಳಿಸುತ್ತದೆ, ನಿಂತರೆ ಲಾಗಿನ್ ಇರುವುದಿಲ್ಲ, ಹೊಣೆ ಇಂಥವರದು, ಮತ್ತೆ ಪರಿಶೀಲಿಸುವುದು ಇಂಥ ತಿಂಗಳು. ಮೌನದ ಅವಧಿ ಮತ್ತು ‘ನಿಂತರೆ ಏನಾಗುತ್ತದೆ’ ಎಂಬ ಎರಡು ಅಂಕಣಗಳನ್ನು ನಾನು ನೋಡಿದ ಹೆಚ್ಚಿನ ಕೋರಿಕೆ ಪತ್ರಗಳಲ್ಲಿ ಕಂಡಿಲ್ಲ. ತೊಂದರೆ ಮಾತ್ರ ಬಹುತೇಕ ಅಲ್ಲಿಂದಲೇ ಹುಟ್ಟಿದೆ. ನಿಮ್ಮಿಂದಲೂ ಒಂದು ಕೋರಿಕೆ ಇರಲಿ: ಒಳಗಿನ ಸರ್ವರ್‌ಗಳ ನಡುವೆ ತಡೆದ ಪ್ಯಾಕೆಟ್ಟನ್ನು ಸದ್ದಿಲ್ಲದೆ ಬಿಸಾಡುವ ಬದಲು ನಿರಾಕರಿಸಿದ ಉತ್ತರ ಕಳಿಸಲಿ. ಆಗ ಅಪ್ಲಿಕೇಶನ್ ಒಂದೆರಡು ನಿಮಿಷ ಕಾಯುವ ಬದಲು ಕೂಡಲೇ ತಪ್ಪನ್ನು ತಿಳಿಯುತ್ತದೆ. ಇಂಟರ್‌ನೆಟ್ ಕಡೆಯಲ್ಲಿ ಮೌನವೇ ಇರಲಿ.

ಎರಡು ದಿನ ಎಲ್ಲ ತೆರೆಯುವ ಸಲಹೆಗೆ ಒಪ್ಪಬೇಡಿ. ಅದರಿಂದ ತೊಂದರೆ ನಿಂತರೂ ಯಾವ ನಿಯಮ ಕಾರಣವೆಂದು ತಿಳಿಯುವುದಿಲ್ಲ. ನೆನಪಿನ ಅವಧಿ ಬದಲಾಗದ ಕಾರಣ ಬೆಳಗಿನ 504 ಬಹುಶಃ ನಿಲ್ಲುವುದೂ ಇಲ್ಲ. ಬದಲಿಗೆ ನಿಮ್ಮ ಮೂರು ಸರ್ವರ್‌ಗಳಿಗೆ ಸಂಬಂಧಿಸಿದಂತೆ ತಡೆದ ಎಲ್ಲದರ ಲಾಗ್ ಬರೆಯುವಂತೆ ಕೇಳಿ. ಕ್ರಮವಾಗಿ ಹೇಳುವುದಾದರೆ, ಮಾಡ್‌ಸೆಕ್ಯುರಿಟಿಯ ಮಟ್ಟವನ್ನು ಇಂದೇ ಇಳಿಸಿ, ಏಕೆಂದರೆ ಅರ್ಜಿ ಸಲ್ಲಿಸಲಾಗದವರು ಈಗಲೂ ಇದ್ದಾರೆ. ಆಡಿಟ್ ಲಾಗ್‌ನಿಂದ ಅವರ ಸಮಯಗಳನ್ನು ತೆಗೆದು, ಗುರುತು ಹಿಡಿಯಬಹುದಾದವರಿಗೆ ಮತ್ತೆ ಸಲ್ಲಿಸಲು ತಿಳಿಸಿ. ಹಣ ಕಟ್ಟಿಯೂ ರಸೀದಿ ಸಿಗದವರ ವ್ಯವಹಾರಗಳನ್ನು ಗೇಟ್‌ವೇಯ ವರದಿಯೊಂದಿಗೆ ತಾಳೆ ನೋಡಿ ನಾಳೆಯೊಳಗೆ ರಸೀದಿ ಕಳಿಸಿ. ಪಿಎಸ್‌ಕ್ಯೂಎಲ್ ಪರೀಕ್ಷೆಗೆ ಇಂದಿನ ರಾತ್ರಿ ಇದೆ.